ಎಚ್‌ಆರ್‌ಗೆ ಕೊಟ್ಟ ದೂರು ಬೇರೆ, ಗ್ರೂಪಿಗೆ ಹಾಕಿದ ಮಾತು ಬೇರೆ

ನನ್ನ ಟೀಮಿನಲ್ಲಿದ್ದ ಒಬ್ಬ ಉದ್ಯೋಗಿ ನನ್ನ ಮೇಲೆ ಒಂದೇ ಆರೋಪವನ್ನು ಎರಡು ಕಡೆ ಮಾಡಿದ. ನಾನು ಸಪ್ಲೈಯರ್ ಒಬ್ಬರಿಂದ ಕಮಿಷನ್ ತಿಂದು, ಬರದೇ ಇರುವ ಸಾಮಾನಿಗೆ ಬಿಲ್ ಪಾಸ್ ಮಾಡಿದ್ದೇನೆ ಅಂತ. ಮೊದಲು ಎಚ್‌ಆರ್‌ಗೆ ಮೇಲ್ ಬರೆದ. ಒಂದು ವಾರ ಕಳೆಯುವುದರೊಳಗೆ ಅದನ್ನೇ ಆಫೀಸಿನವರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಅಲ್ಲಿಂದ ಅದು ನಮ್ಮ ಕ್ಲೈಂಟ್ ಕಂಪನಿಯವರ ಫೋನಿಗೂ ಹೋಯಿತು.

ಕಾನೂನಿನ ಕಣ್ಣಿಗೆ ಇವೆರಡೂ ಬೇರೆ ಬೇರೆ. ಆ ವ್ಯತ್ಯಾಸ ಹಿಡಿದುಕೊಂಡೇ ನನ್ನ ಇಡೀ ಪ್ರಕರಣ ನಡೆಯಿತು. ಹುದ್ದೆಯಲ್ಲಿ ಮೇಲಿರುವವರಿಗೆ ಕೆಳಗಿನವರಿಂದ ಇಂಥ ಮಾತು ಬಂದಾಗ ಏನೇನು ದಾರಿ ಇದೆ, ಎಲ್ಲಿ ಬಾಗಿಲು ಮುಚ್ಚಿದೆ ಅನ್ನೋದು ನನಗೆ ಹಂತ ಹಂತವಾಗಿ ಗೊತ್ತಾಯಿತು. ಅದನ್ನೇ ಬರೆಯುತ್ತಿದ್ದೇನೆ.

ಗ್ರೂಪಿನ ಮೆಸೇಜು ಹೀಗಿತ್ತು: "ನಮ್ಮ ಫ್ಲೋರಿನ ಮಹಾರಾಣಿಯವರ ಹೊಸ ಕಾರಿಗೆ ಪೆಟ್ರೋಲ್ ಹಾಕೋರು ಯಾರು ಗೊತ್ತಾ? ಬಿಲ್ ಫೈಲ್ ತೆಗೆದು ನೋಡಿ. ಬಾರದ ಮಾಲಿಗೂ ದುಡ್ಡು ಹೋಗಿದೆ." ಕೊನೆಯಲ್ಲಿ ಕೈ ಮುಗಿಯುವ ಚಿತ್ರ. ನನ್ನ ಹೆಸರು ಎಲ್ಲೂ ಇಲ್ಲ. ಆದರೆ ಆ ಫ್ಲೋರಿನಲ್ಲಿ ಬಿಲ್ಲಿಗೆ ಸಹಿ ಹಾಕುವ ಹೆಂಗಸು ನಾನೊಬ್ಬಳೇ. ಬ್ಯಾಂಕ್ ಸಾಲದಲ್ಲಿ ಕಾರು ತಗೊಂಡದ್ದು ಎಲ್ಲರಿಗೂ ಗೊತ್ತಿತ್ತು. ಕೆಳಗೆ ನಗುವಿನ ಇಮೋಜಿಗಳ ಸಾಲು.

ತಕ್ಷಣ ಅಲ್ಲೇ ಉತ್ತರ ಕೊಡಬೇಕು ಅಂತ ಕೈ ತುರಿಸಿತು. ಕೊಡಲಿಲ್ಲ. ಸಿಟ್ಟಿನಲ್ಲಿ ಅವನ ಬಗ್ಗೆ ನಾನೊಂದು ಮಾತು ಹಾಕಿದ್ದರೆ ಅದೂ ಮಾನಹಾನಿ ಆಗಬಹುದಿತ್ತು. ಕ್ಯಾಬಿನ್ನಿಗೆ ಕರೆದು ಕೇಳಲೂ ಇಲ್ಲ. ನಾನು ಅವನ ಮ್ಯಾನೇಜರ್. ಬಾಗಿಲು ಹಾಕಿಕೊಂಡು ನಾನು ಏನೇ ಕೇಳಿದರೂ ಹೊರಗೆ ಬಂದು "ನನ್ನನ್ನು ಹೆದರಿಸಿದರು" ಅನ್ನಲು ಅವನಿಗೆ ದಾರಿಯಾಗುತ್ತಿತ್ತು.

ವಕೀಲರ ಹತ್ತಿರ ಹೋದೆ. ವಯಸ್ಸಾದವರು, ಕ್ರಿಮಿನಲ್ ಮತ್ತು ಸಿವಿಲ್ ಎರಡೂ ನೋಡುವವರು. ನಾನು ಎರಡೂ ಕಾಗದ ಮುಂದಿಟ್ಟೆ. ಅವರು ಎಚ್‌ಆರ್ ಮೇಲನ್ನು ಪಕ್ಕಕ್ಕೆ ಸರಿಸಿಬಿಟ್ಟರು.

"ನೋಡಿಮ್ಮ, ಇದನ್ನು ಮುಟ್ಟೋಕೆ ಹೋಗಬೇಡಿ. ಮೇಲಿನವರ ಮೇಲೆ ಕಂಪ್ಲೇಂಟ್ ಕೊಡೋದು ಕೆಲಸ ಮಾಡೋವನ ಹಕ್ಕು. ಕೇಳಬೇಕಾದ ಜಾಗದಲ್ಲೇ ಕೇಳಿದ್ದಾನೆ."

ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356 ಮಾನಹಾನಿಗೆ ಸಂಬಂಧಿಸಿದ್ದು. 2024ರ ಜುಲೈ 1ಕ್ಕೆ ಮೊದಲು ಇದು ಐಪಿಸಿಯ 499 ಮತ್ತು 500 ಆಗಿತ್ತು. ಅದರಲ್ಲಿ ಹತ್ತು ವಿನಾಯಿತಿಗಳಿವೆ. ಎಂಟನೆಯದು ಇಂಥ ದೂರಿಗೇ ಇರುವುದು. ಆ ವಿಷಯದಲ್ಲಿ ಅಧಿಕಾರ ಇರುವವರ ಮುಂದೆ ಸದ್ಭಾವನೆಯಿಂದ ಆರೋಪ ಮಾಡಿದರೆ ಅದು ಮಾನಹಾನಿ ಅಲ್ಲ. ಎಚ್‌ಆರ್, ಆಂತರಿಕ ಸಮಿತಿ, ಮೇಲಧಿಕಾರಿ ಎಲ್ಲರೂ ಇದರೊಳಗೆ ಬರುತ್ತಾರೆ. ಆರೋಪ ಕೊನೆಗೆ ಸುಳ್ಳಾದರೂ, ನಂಬಿಕೆಯಿಂದ ಕೊಟ್ಟಿದ್ದರೆ ಸಾಕು.

ಆಗ ನನಗೆ ಇದು ಅನ್ಯಾಯ ಅನ್ನಿಸಿತು. ಯೋಚಿಸಿದಾಗ ಸರಿ ಅನ್ನಿಸಿತು. ದೂರು ಕೊಟ್ಟ ತಪ್ಪಿಗೆ ಕೋರ್ಟಿಗೆ ಎಳೀತಾರೆ ಅಂತಾದರೆ ನಿಜವಾಗಿ ಲಂಚ ತಿನ್ನುವ ಮ್ಯಾನೇಜರ್ ಬಗ್ಗೆ ಯಾರು ಬಾಯಿ ಬಿಡುತ್ತಾರೆ, ಅಲ್ವಾ?

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ನನ್ನ ವಿಷಯ ಗೊತ್ತಾದ ಮೇಲೆ ಬೇರೆ ಕಡೆ ಮ್ಯಾನೇಜರ್ ಆಗಿರುವ ಒಬ್ಬರು ನನ್ನನ್ನು ವಿಚಾರಿಸಿದರು. ಅವರ ಮೇಲೆ ಲೈಂಗಿಕ ಕಿರುಕುಳದ ದೂರು ಬಂದಿತ್ತು, ಮಾನನಷ್ಟ ಹಾಕಬಹುದಾ ಅಂತ ಕೇಳಿದರು. ಆ ದೂರಿಗೆ 2013ರ ಕಾಯ್ದೆ ಇದೆ, ಆಂತರಿಕ ಸಮಿತಿ ಇದೆ. ದುರುದ್ದೇಶದಿಂದ ಸುಳ್ಳು ದೂರು ಕೊಟ್ಟಿದ್ದರೆ ಸೆಕ್ಷನ್ 14ರಲ್ಲಿ ಕ್ರಮಕ್ಕೆ ಶಿಫಾರಸು ಮಾಡಲು ಸಮಿತಿಗೇ ಅಧಿಕಾರ ಇದೆ. ಸಾಕ್ಷಿ ಸಿಗಲಿಲ್ಲ ಅನ್ನೋ ಕಾರಣಕ್ಕೇ ದೂರು ಸುಳ್ಳು ಅನ್ನಲು ಬರುವುದಿಲ್ಲ ಅಂತ ಅದೇ ಸೆಕ್ಷನ್ನಿನಲ್ಲಿ ಬರೆದಿದೆ. 2021ರ ಫೆಬ್ರುವರಿಯಲ್ಲಿ ದೆಹಲಿಯ ಕೋರ್ಟು ಪತ್ರಕರ್ತೆ ಪ್ರಿಯಾ ರಮಣಿಯವರನ್ನು ಮಾನಹಾನಿ ಮೊಕದ್ದಮೆಯಿಂದ ಖುಲಾಸೆ ಮಾಡಿದ್ದು ನೆನಪಿರಬಹುದು. ಕಿರುಕುಳದ ವಿರುದ್ಧ ದನಿ ಎತ್ತಿದ ಹೆಣ್ಣನ್ನು ಮಾನಹಾನಿಯ ಹೆಸರಲ್ಲಿ ಶಿಕ್ಷಿಸಲು ಆಗುವುದಿಲ್ಲ ಅಂತ ಆ ಕೋರ್ಟು ಹೇಳಿತ್ತು. ಅಂಥ ದೂರು ಬಂದವರು ಸಮಿತಿಯ ಮುಂದೆ ನೇರವಾಗಿ ಉತ್ತರ ಕೊಡಬೇಕು. ಮೊದಲ ದಿನವೇ ಲೀಗಲ್ ನೋಟಿಸ್ ಕಳಿಸುವುದು ನನ್ನ ಪ್ರಕಾರ ಮರ್ಯಾದೆಯ ದಾರಿಯಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ವಕೀಲರು ಮೊದಲು ಕಂಪನಿಯ ವಿಚಾರಣೆ ಮುಗಿಯಲಿ ಅಂದರು. ನಾನು ಪರ್ಚೇಸ್ ಆರ್ಡರ್, ಗೇಟಿನ ಒಳಬರುವ ಎಂಟ್ರಿ, ಸ್ಟೋರ್ಸ್ ರಸೀದಿ, ಬಿಲ್ಲು ಎಲ್ಲವನ್ನೂ ಜೋಡಿಸಿ ಕೊಟ್ಟೆ. ಅವನು ಹೇಳಿದ "ಬಾರದ ಮಾಲು" ಎರಡು ಕಂತಿನಲ್ಲಿ ಬಂದಿತ್ತು. ಎರಡನೇ ಕಂತು ಬೇರೆ ಗೋಡೌನಿಗೆ ಇಳಿದಿತ್ತು. ಅವನು ಒಂದೇ ಗೋಡೌನಿನ ಪುಸ್ತಕ ನೋಡಿದ್ದ. ಆರೋಪಕ್ಕೆ ಆಧಾರ ಇಲ್ಲ ಅಂತ ಕಂಪನಿಯ ವಿಚಾರಣಾ ಸಮಿತಿ ಬರೆದುಕೊಟ್ಟಿತು. ಆ ಪತ್ರದ ಪ್ರತಿ ಕೇಳಿ ಪಡೆದೆ. ಮುಂದೆ ಎಲ್ಲ ಕಡೆ ಕೆಲಸಕ್ಕೆ ಬಂದದ್ದು ಅದೇ.

ಕಂಪನಿ ಅವನಿಗೆ ಶೋಕಾಸ್ ನೋಟಿಸ್ ಕೊಟ್ಟಿತು. ಎಚ್‌ಆರ್‌ಗೆ ದೂರು ಕೊಟ್ಟದ್ದಕ್ಕಲ್ಲ, ಆಫೀಸಿನ ವಿಷಯವನ್ನು ಹೊರಗೆ ಹರಡಿದ್ದಕ್ಕೆ. ಆ ಪ್ರಕ್ರಿಯೆಯಿಂದ ನನ್ನನ್ನು ದೂರ ಇಡಿ, ಅವನ ಅಪ್ರೈಸಲ್ ಬೇರೆಯವರು ಮಾಡಲಿ ಅಂತ ನಾನೇ ಮೇಲ್ ಬರೆದೆ. ಇದು ತುಂಬಾ ಮುಖ್ಯ. ಇಂಥ ಹೊತ್ತಿನಲ್ಲಿ ಮ್ಯಾನೇಜರ್ ಕೈಯಲ್ಲಿ ಅವನ ರೇಟಿಂಗ್ ಇದ್ದರೆ, ಕಡಿಮೆ ಕೊಟ್ಟರೆ ಸೇಡು ಅನ್ನುತ್ತಾರೆ, ಜಾಸ್ತಿ ಕೊಟ್ಟರೆ ಬಾಯಿ ಮುಚ್ಚಿಸಲು ಕೊಟ್ಟದ್ದು ಅನ್ನುತ್ತಾರೆ. ಇನ್ನೊಂದು ವಿಷಯವೂ ಅರ್ಥವಾಯಿತು. ಎಚ್‌ಆರ್ ಕಂಪನಿಯ ಪರ ಇರುತ್ತದೆ, ನನ್ನ ವಕೀಲಿಕೆ ಮಾಡುವುದಿಲ್ಲ. ಅವರಿಗೆ ವಿಷಯ ತಣ್ಣಗಾದರೆ ಸಾಕಾಗಿತ್ತು. ನನ್ನ ಹೆಸರು ಕೆಟ್ಟದ್ದು ನನ್ನ ಸ್ವಂತ ನಷ್ಟ, ಅದಕ್ಕೆ ನಾನೇ ಓಡಾಡಬೇಕಿತ್ತು.

ಏಕೆಂದರೆ ನಷ್ಟ ಆಗಿತ್ತು. ಕ್ಲೈಂಟ್ ಕಡೆಯವರು "ಸದ್ಯಕ್ಕೆ ಬೇರೆಯವರು ನಮ್ಮ ಜೊತೆ ವ್ಯವಹರಿಸಲಿ" ಅಂತ ಮೇಲ್ ಕಳಿಸಿದರು. ವರ್ಷಗಟ್ಟಲೆ ನಾನೇ ನೋಡಿಕೊಂಡ ಪ್ರಾಜೆಕ್ಟು ಅದು. ಆ ಮೇಲ್ ಓದಿದ ರಾತ್ರಿ ನಿದ್ದೆ ಬರಲಿಲ್ಲ. ವಕೀಲರು ಮಾತ್ರ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ ಅಂದರು. ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳುವಾಗ ಏನು ನಷ್ಟವಾಯಿತು ಅಂತ ತೋರಿಸಲು ಇಂಥ ಕಾಗದವೇ ಬೇಕು.

ಸಹೋದ್ಯೋಗಿಗಳೆಲ್ಲ ಪೊಲೀಸರ ಕಡೆ ಬೆರಳು ತೋರಿಸಿದರು. "ಸೈಬರ್ ಕ್ರೈಮ್‌ಗೆ ಕೊಡಿ ಮೇಡಂ, 66ಎ ಹಾಕ್ತಾರೆ" ಅಂತ. ಆನ್‌ಲೈನಿನಲ್ಲಿ ಅವಹೇಳನದ ಮೆಸೇಜು ಕಳಿಸುವುದನ್ನು ಅಪರಾಧ ಮಾಡಿದ್ದ ಐಟಿ ಕಾಯ್ದೆಯ 66ಎ ಅನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಆದರೂ ಆ ಹೆಸರು ಜನರ ಬಾಯಲ್ಲಿ ಹಾಗೇ ಇದೆ. ದಾಖಲೆಗೆ ಇರಲಿ ಅಂತ ಠಾಣೆಗೆ ಒಂದು ದೂರು ಕೊಟ್ಟೆ. ಅವರು ಓದಿ, ಇದು ಅಸಂಜ್ಞೇಯ ಅಪರಾಧ, ಕೋರ್ಟಿಗೆ ಹೋಗಿ ಅಂತ ಹಿಂಬರಹ ಕೊಟ್ಟರು. ಮಾನಹಾನಿಗೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ತನಿಖೆಗೆ ಇಳಿಯುವಂತಿಲ್ಲ. ನೊಂದವರು ತಾವೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಹಾಕಬೇಕು. ನಕಲಿ ಬಿಲ್ಲು ಸೃಷ್ಟಿಸಿ ಹೆಸರು ಕೆಡಿಸಿದ್ದರೆ, ನಮ್ಮ ಹೆಸರಲ್ಲೇ ನಕಲಿ ಖಾತೆ ತೆರೆದಿದ್ದರೆ, ದುಡ್ಡು ಕೊಡದಿದ್ದರೆ ಹಾಕ್ತೀನಿ ಅಂತ ಹೆದರಿಸಿದ್ದರೆ ಮಾತು ಬೇರೆ. ಅವಕ್ಕೆ ಬೇರೆ ಸೆಕ್ಷನ್‌ಗಳಿವೆ, ಪೊಲೀಸರ ಹತ್ತಿರ ಹೋಗಬಹುದು. ನನ್ನ ಪ್ರಕರಣದಲ್ಲಿ ಅಂಥದ್ದೇನೂ ಇರಲಿಲ್ಲ.

ಆಮೇಲೆ ಲೀಗಲ್ ನೋಟಿಸ್. ಗ್ರೂಪಿನ ಮಾತನ್ನು ಇದ್ದ ಹಾಗೇ ಎತ್ತಿ ಬರೆದು, ಇದು ಸುಳ್ಳು, ಇದೇ ಗ್ರೂಪಿನಲ್ಲಿ ಹಿಂದೆ ತೆಗೆದುಕೊಳ್ಳಬೇಕು, ಕ್ಲೈಂಟ್‌ಗೂ ಪತ್ರ ಬರೆಯಬೇಕು, 15 ದಿನದಲ್ಲಿ ಆಗದಿದ್ದರೆ ಕೋರ್ಟಿಗೆ ಹೋಗುತ್ತೇವೆ ಅಂತ ಕಳಿಸಿದೆವು. ಪರಿಹಾರದ ದೊಡ್ಡ ಮೊತ್ತ ಹಾಕೋಣವಾ ಅಂದೆ. ವಕೀಲರು ಬೇಡ ಅಂದರು. ಸಂಬಳದ ಮೇಲೆ ಬದುಕುವವನಿಗೆ ಕೋಟಿ ಲೆಕ್ಕದ ನೋಟಿಸ್ ಹೋದರೆ ಅವನು ಹೆದರಿ ಇನ್ನಷ್ಟು ಬಿಗಿಯಾಗುತ್ತಾನೆ, ಓದಿದ ಜಡ್ಜ್‌ಗೂ ಸರಿ ಕಾಣುವುದಿಲ್ಲ ಅಂತ.

ಅವನ ವಕೀಲರಿಂದ ಉತ್ತರ ಬಂತು. ಹೆಸರೇ ಹಾಕಿಲ್ಲ, ಇದು ತಮಾಷೆಗೆ ಬರೆದದ್ದು, ಕಂಪನಿಯ ಹಿತಕ್ಕಾಗಿ ಸದ್ಭಾವನೆಯಿಂದ ಹೇಳಿದ್ದು. ಮೂರೂ ಒಟ್ಟಿಗೆ! ತಮಾಷೆಯಾದರೆ ಕಂಪನಿಯ ಹಿತ ಎಲ್ಲಿಂದ ಬಂತು?

ಹೆಸರಿಲ್ಲದಿದ್ದರೂ ಓದಿದವರಿಗೆ ಯಾರು ಅಂತ ಗೊತ್ತಾದರೆ ಸಾಕು. ವ್ಯಂಗ್ಯವಾಗಿ ಹೇಳಿದ್ದೂ ಮಾನಹಾನಿ ಆಗಬಹುದು ಅಂತ ಸೆಕ್ಷನ್ನಿನ ವಿವರಣೆಯಲ್ಲೇ ಇದೆ. ಸದ್ಭಾವನೆ ಅನ್ನೋದಕ್ಕೂ ಅಳತೆ ಇದೆ. ತಕ್ಕಷ್ಟು ಎಚ್ಚರ, ಗಮನ ಇಲ್ಲದೆ ಮಾಡಿದ್ದನ್ನು ಕಾನೂನು ಸದ್ಭಾವನೆ ಅಂತ ಒಪ್ಪುವುದಿಲ್ಲ. ಇನ್ನೊಂದು ಗೋಡೌನಿನ ಪುಸ್ತಕ ಕೇಳಿ ನೋಡಲು ಅವನಿಗೆ ಅರ್ಧ ಗಂಟೆ ಸಾಕಿತ್ತು. ಎಚ್‌ಆರ್ ವಿಚಾರಣೆಯ ಫಲಿತಾಂಶಕ್ಕೂ ಅವನು ಕಾಯಲಿಲ್ಲ. ಗ್ರೂಪಿನಲ್ಲಿದ್ದವರಲ್ಲಿ ಈ ಬಿಲ್ಲನ್ನು ಪರಿಶೀಲಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಹಾಗಿದ್ದ ಮೇಲೆ ಅಲ್ಲಿ ಹಾಕಿದ್ದು ಯಾವ ಹಿತಕ್ಕೆ? ನನ್ನ ಕೇಸಿನ ಗಟ್ಟಿ ಜಾಗ ಅದೇ ಆಗಿತ್ತು.

ಈಗ ಎರಡು ದಾರಿ ಇತ್ತು. ಸಿವಿಲ್ ದಾವೆ ಹಾಕಿ ಪರಿಹಾರ ಕೇಳುವುದು, ಮತ್ತೆ ಹೀಗೆ ಬರೆಯದಂತೆ ತಡೆಯಾಜ್ಞೆ ಕೇಳುವುದು. ಅಥವಾ ಕ್ರಿಮಿನಲ್ ದೂರು. ಎರಡನ್ನೂ ಒಟ್ಟಿಗೆ ನಡೆಸಲೂ ಬರುತ್ತದೆ.

ಸಿವಿಲ್ ದಾವೆಗೆ ಕಾಲಮಿತಿ ಒಂದೇ ವರ್ಷ. 1963ರ ಕಾಲಮಿತಿ ಕಾಯ್ದೆಯಲ್ಲಿ ಬರಹಕ್ಕೆ ಅದು ಪ್ರಕಟವಾದ ದಿನದಿಂದ ಎಣಿಕೆ. ಬಹಳ ಜನ ಇಲ್ಲೇ ಕಳೆದುಕೊಳ್ಳುತ್ತಾರೆ. ಆಂತರಿಕ ವಿಚಾರಣೆ, ನೋಟಿಸ್, ಉತ್ತರ, ಮಾತುಕತೆ ಅಂತ ತಿಂಗಳುಗಳು ಉರುಳುತ್ತವೆ, ಆದರೆ ಗಡಿಯಾರ ನಿಲ್ಲುವುದಿಲ್ಲ. ಜೊತೆಗೆ ಕೇಳುವ ಪರಿಹಾರದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಮೊದಲೇ ಕಟ್ಟಬೇಕು. ಆರೋಪ ನಿಜ ಅಂತ ಅವನು ಸಾಬೀತು ಮಾಡಿದರೆ ದಾವೆ ಅಲ್ಲಿಗೇ ಮುಗಿಯಿತು. ಕ್ರಿಮಿನಲ್‌ನಲ್ಲಿ ಹಾಗಲ್ಲ. ನಿಜ ಆಗಿದ್ದರಷ್ಟೇ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೂ ಆಗಿರಬೇಕು. ಅಲ್ಲಿ ಕಾಲಮಿತಿ ಮೂರು ವರ್ಷ. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲ ದಂಡ, ಇಲ್ಲ ಎರಡೂ. ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯನ್ನೂ ಸೇರಿಸಿದ್ದಾರೆ.

ಮಾತಿಗೆ ಜೈಲು ಅನ್ನೋದು ಸರಿಯಾ ಅನ್ನೋ ಚರ್ಚೆ ಹಳೆಯದು. 2016ರಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನಹಾನಿ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂತ ಎತ್ತಿ ಹಿಡಿಯಿತು. ಒಬ್ಬರ ಹೆಸರು, ಮರ್ಯಾದೆ ಕೂಡ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಆದರೂ ನನ್ನ ಕೈ ಕೆಳಗೆ ಕೆಲಸ ಮಾಡಿದವನ ಮೇಲೆ ಕ್ರಿಮಿನಲ್ ದೂರು ಹಾಕುವುದು ನನಗೆ ಸುಲಭ ಇರಲಿಲ್ಲ. ಅವನಿಗೆ ಮದುವೆಯಾಗಿ ಒಂದು ಮಗು ಇದೆ. ಅವನನ್ನು ಜೈಲಿಗೆ ಕಳಿಸುವ ಆಸೆ ನನಗಿರಲಿಲ್ಲ. ಹೇಳಿದ್ದನ್ನು ಹೇಳಿದ ಜಾಗದಲ್ಲೇ ಹಿಂದೆ ತೆಗೆದುಕೊಳ್ಳಬೇಕು, ಅಷ್ಟೇ ಬೇಕಿತ್ತು. ಅವನಿಂದ ದುಡ್ಡು ವಸೂಲಿ ಮಾಡಿ ನಾನೇನು ಮಾಡಲಿ? ಹಾಗಾಗಿ ಕ್ರಿಮಿನಲ್ ದೂರು ಮೊದಲು ಹಾಕಿ, ಸಿವಿಲ್ ದಾವೆಯನ್ನು ತಯಾರಿಟ್ಟುಕೊಂಡು, ಒಂದು ವರ್ಷ ಮುಗಿಯುವ ದಿನಾಂಕವನ್ನು ಫೈಲಿನ ಮೇಲೆ ದೊಡ್ಡದಾಗಿ ಬರೆದುಕೊಂಡೆವು. ಈ ಅಪರಾಧ ರಾಜಿಗೆ ಬರುವಂಥದ್ದು, ಜಾಮೀನೂ ಸಿಗುವಂಥದ್ದು. ಅದು ಗೊತ್ತಿದ್ದೇ ಮನಸ್ಸು ಗಟ್ಟಿ ಮಾಡಿಕೊಂಡೆ.

ದಾಖಲೆ ಜೋಡಿಸುವಾಗ ಸ್ಕ್ರೀನ್‌ಶಾಟ್ ಒಂದೇ ಸಾಲದು ಅಂತ ಗೊತ್ತಾಯಿತು. ಆ ಗ್ರೂಪಿನಲ್ಲಿ ನಾನು ಇರಲಿಲ್ಲ. ನನಗೆ ಸಿಕ್ಕಿದ್ದು ಯಾರೋ ಕಳಿಸಿದ ಚಿತ್ರ. ಅದನ್ನು ಯಾರ ಫೋನಿನಿಂದ ತೆಗೆದದ್ದು ಅಂತ ಹೇಳುವವರು ಬೇಕು. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಹಳೆಯ ವಕೀಲರು ಇದನ್ನು ಈಗಲೂ ಹಿಂದಿನ ಸಾಕ್ಷ್ಯ ಕಾಯ್ದೆಯ ನಂಬರಿನಿಂದ 65ಬಿ ಅಂತಲೇ ಕರೆಯುತ್ತಾರೆ. ಸ್ಟೋರ್ಸ್‌ನಲ್ಲಿರುವ ಒಬ್ಬ ಹಿರಿಯ ಸಹೋದ್ಯೋಗಿ ಮುಂದೆ ಬಂದರು. ಅವರು ಚಾಟನ್ನು ಎಕ್ಸ್‌ಪೋರ್ಟ್ ಮಾಡಿ, ಪ್ರಮಾಣಪತ್ರಕ್ಕೆ ಸಹಿ ಹಾಕಿ, ಆ ಫೋನನ್ನು ಮಾರದೆ, ರೀಸೆಟ್ ಮಾಡದೆ ಹಾಗೇ ಇಟ್ಟುಕೊಂಡರು. "ಆ ಎರಡನೇ ಲೋಡು ಇಳಿಸಿದ್ದೇ ನಾನು ಮೇಡಂ, ನನಗೂ ಸೇರಿ ಹೇಳಿದ ಹಾಗಾಯ್ತು" ಅಂದರು. ಅವರು ಬಾರದೇ ಇದ್ದಿದ್ದರೆ ನನ್ನ ಹತ್ತಿರ ಬರೀ ಒಂದು ಚಿತ್ರ ಇರುತ್ತಿತ್ತು.

ಕೋರ್ಟಿನಲ್ಲಿ ಮೊದಲು ನನ್ನ ಪ್ರಮಾಣದ ಹೇಳಿಕೆ. ನಂಬರ್ ಕೂಗಿದರು, ಒಳಗೆ ಹೋದೆ. ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದೆ. ಮ್ಯಾಜಿಸ್ಟ್ರೇಟರು ಮೆಸೇಜು ಓದಿ, "ಇದರಲ್ಲಿ ನಿಮ್ಮ ಹೆಸರಿಲ್ಲವಲ್ಲ?" ಅಂತಲೇ ಶುರು ಮಾಡಿದರು. ಆ ಫ್ಲೋರಿನಲ್ಲಿ ಯಾರು ಯಾರಿದ್ದಾರೆ, ಸಹಿ ಯಾರದು, ಕಾರಿನ ವಿಷಯ ಯಾರಿಗೆ ಗೊತ್ತು, ಎಲ್ಲ ಹೇಳಿದೆ. ನಂತರ ಸ್ಟೋರ್ಸ್‌ನವರನ್ನು ಕರೆದು, ಓದಿದಾಗ ನಿಮಗೆ ಏನು ಅರ್ಥವಾಯಿತು ಅಂತ ಕೇಳಿದರು. "ಮೇಡಂ ಬಗ್ಗೆನೇ ಅಂತ ಗೊತ್ತಾಯ್ತು ಸ್ವಾಮಿ. ಒಂದು ದಿನ ನನಗೂ ಅನುಮಾನ ಬಂದಿತ್ತು" ಅಂದರು. ಆ ಕೊನೆಯ ಮಾತು ಕೇಳಿ ನನ್ನ ಕಣ್ಣು ತುಂಬಿತು. ವಕೀಲರು ಆಮೇಲೆ ಹೊರಗೆ ಬಂದು ಅದೇ ಮಾತು ಮುಖ್ಯ ಅಂತ ವಿವರಿಸಿದರು. ಬೇರೆಯವರ ದೃಷ್ಟಿಯಲ್ಲಿ ನನ್ನ ನಡತೆಯ ಬಗ್ಗೆ, ವೃತ್ತಿಯ ಬಗ್ಗೆ ಗೌರವ ಇಳಿಯಿತಾ ಅನ್ನೋದೇ ಕಾನೂನು ಕೇಳುವ ಪ್ರಶ್ನೆ. ಅದನ್ನು ನಾನು ಹೇಳಿದರೆ ಸಾಲದು, ಇನ್ನೊಬ್ಬರು ಹೇಳಬೇಕು.

ಹಿಂದೆ ಇಷ್ಟಾದ ಮೇಲೆ ಕೋರ್ಟು ನೇರವಾಗಿ ಸಮನ್ಸ್ ಕಳಿಸಬಹುದಿತ್ತು. ಸಿಆರ್‌ಪಿಸಿ ಜಾಗಕ್ಕೆ ಬಂದಿರುವ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 223ರಲ್ಲಿ ಬದಲಾವಣೆ ಇದೆ. ದೂರನ್ನು ಕೈಗೆತ್ತಿಕೊಳ್ಳುವ ಮೊದಲೇ ಆರೋಪಿಯ ಮಾತನ್ನೂ ಕೇಳಬೇಕು. ಮೊದಲು ದೂರುದಾರರ ಮತ್ತು ಸಾಕ್ಷಿಗಳ ಹೇಳಿಕೆ, ಆಮೇಲೆ ಆರೋಪಿಗೆ ನೋಟಿಸ್ ಅಂತ ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಂದು ಮಾನಹಾನಿ ಪ್ರಕರಣದಲ್ಲೇ ಕ್ರಮ ಹೇಳಿದೆ. ಇದರಿಂದ ತಡವಾಗುತ್ತದೆ ನಿಜ. ಆದರೆ ನನಗೆ ಒಳ್ಳೆಯದೇ ಆಯಿತು. ಅವನು ಆರೋಪಿ ಅಂತ ಅನ್ನಿಸಿಕೊಳ್ಳುವ ಮೊದಲೇ ಕೋರ್ಟಿಗೆ ಬಂದು ನನ್ನ ದಾಖಲೆಗಳನ್ನು ನೋಡಿದ. ಎರಡನೇ ಗೋಡೌನಿನ ರಸೀದಿಯನ್ನು ಅವನ ವಕೀಲರು ತಿರುಗಿಸಿ ತಿರುಗಿಸಿ ನೋಡಿದರು. ಮುಂದಿನ ದಿನಾಂಕದ ಹೊತ್ತಿಗೆ ಮಾತುಕತೆಗೆ ಸಿದ್ಧ ಅಂದರು.

ಮಾತುಕತೆ ಒಂದು ವಾಕ್ಯದ ಮೇಲೆ ಸಿಕ್ಕಿಕೊಂಡಿತು. ಅವರು ಬರೆದು ತಂದದ್ದು: "ನನ್ನ ಮೆಸೇಜಿನಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ." ನಾನು ಒಪ್ಪಲಿಲ್ಲ. ನನಗೆ ನೋವಾಯಿತಾ ಇಲ್ಲವಾ ಅನ್ನೋದು ಇಲ್ಲಿ ವಿಷಯ ಆಗಿರಲಿಲ್ಲ. ನಾನು ದುಡ್ಡು ತಿಂದೆನಾ ಇಲ್ಲವಾ ಅನ್ನೋದಿತ್ತು. ಕೊನೆಗೆ ಹೀಗಾಯಿತು: "ಬಾರದ ಮಾಲಿಗೆ ಹಣ ಪಾವತಿಯಾಗಿದೆ ಎಂದು ನಾನು ಬರೆದದ್ದು ತಪ್ಪು. ಎಲ್ಲ ಮಾಲು ಬಂದಿರುವ ದಾಖಲೆ ನೋಡಿದ್ದೇನೆ. ಆ ಮಾತನ್ನು ಹಿಂದೆ ತೆಗೆದುಕೊಂಡು ಕ್ಷಮೆ ಕೇಳುತ್ತೇನೆ." ಇದನ್ನು ಅದೇ ಗ್ರೂಪಿಗೆ ಹಾಕಬೇಕು, ಒಂದು ತಿಂಗಳು ಅಳಿಸಬಾರದು, ಕ್ಲೈಂಟ್‌ಗೆ ಸಹಿ ಮಾಡಿದ ಪ್ರತಿ ಹೋಗಬೇಕು ಅಂತ ಬರೆಸಿದೆವು. ದುಡ್ಡು ಕೇಳಲಿಲ್ಲ. ಅವನು ಅಷ್ಟನ್ನೂ ಮಾಡಿದ ಮೇಲೆಯೇ ದೂರು ಹಿಂದೆ ತೆಗೆದುಕೊಂಡೆ. ಅದೂ ಒಂದು ವರ್ಷದ ಗಡುವಿನ ಒಳಗೇ. ಗಡುವು ದಾಟಿದ ಮೇಲೆ ಅವನು ಕೈ ಎತ್ತಿದ್ದರೆ ಸಿವಿಲ್ ದಾರಿ ಮುಚ್ಚಿಹೋಗಿರುತ್ತಿತ್ತು.

ಅವನ ಕಡೆಯಿಂದಲೂ ಒಂದು ಷರತ್ತು ಬಂತು. ಎಚ್‌ಆರ್‌ಗೆ ಕೊಟ್ಟ ದೂರಿನ ಬಗ್ಗೆ ಮುಂದೆ ಯಾವ ಕೇಸೂ ಹಾಕಬಾರದು ಅಂತ. ಯೋಚನೆ ಮಾಡದೆ ಸಹಿ ಹಾಕಿದೆ. ಅದರ ಮೇಲೆ ನಾನು ಹೋಗುವವಳೇ ಅಲ್ಲ. ಅದೇ ಆರೋಪವನ್ನು ಮತ್ತೆ ಹೊರಗೆ ಹರಡಿದರೆ ಹೊಸದಾಗಿ ಕೋರ್ಟಿಗೆ ಹೋಗುವ ಹಕ್ಕು ನನಗಿರುತ್ತದೆ ಅಂತ ಅದರ ಕೆಳಗೇ ಸೇರಿಸಿದೆವು.

ಕ್ಲೈಂಟ್ ಆ ಪತ್ರ ತಲುಪಿದೆ ಅಂತ ಎರಡು ಸಾಲಿನ ಉತ್ತರ ಕಳಿಸಿದರು. ಪ್ರಾಜೆಕ್ಟು ಮಾತ್ರ ನನ್ನ ಕೈಗೆ ವಾಪಸ್ ಬರಲಿಲ್ಲ, ಅಷ್ಟರಲ್ಲಿ ಬೇರೆಯವರು ಅದರಲ್ಲಿ ನೆಲೆಯೂರಿದ್ದರು. ಅವನು ಈಗ ಬೇರೆ ಟೀಮಿನಲ್ಲಿದ್ದಾನೆ. ಎಚ್ಚರಿಕೆ ಪತ್ರದೊಂದಿಗೆ ಅವನ ಕೆಲಸ ಉಳಿಯಿತು. ಬಿಲ್ಲಿನ ಬಗ್ಗೆ ಯಾರಿಗೇ ಅನುಮಾನ ಬಂದರೂ ನನ್ನನ್ನು ದಾಟಿ ನೇರವಾಗಿ ಆಡಿಟ್‌ನವರಿಗೆ ಬರೆಯಲು ಒಂದು ಮೇಲ್ ಐಡಿ ಮಾಡಿಕೊಡಿ, ಎರಡೂ ಗೋಡೌನಿನ ಪುಸ್ತಕ ಅವರಿಗೆ ಸಿಗುವ ಹಾಗಿರಲಿ ಅಂತ ನಾನು ಕಂಪನಿಯನ್ನು ಕೇಳಿದ್ದೆ. ಕಳೆದ ತಿಂಗಳು ಅದು ಶುರುವಾಯಿತು.